ತುಪ್ಪ ಹಾಕದ ತಂಬಿಟ್ಟು

ನಮ್ಮೂರಿನಲ್ಲಿ ಗಂಡ ಹೆಂಡತಿ ಜಗಳವಾಡಿದ್ದು ಬೀದಿಗೆ ಗೊತ್ತಾಗುವುದು ಸ್ಕೂಟರಿನಿಂದ. ಅವನು ಸಿಟ್ಟು ಮಾಡಿಕೊಂಡು ಹೋಟೆಲಿನಲ್ಲಿ ಇಡ್ಲಿ ತಿಂದು ಬಂದಿರುತ್ತಾನೆ, ಅವಳು ಮನೆಯಲ್ಲಿ ಉಪ್ಪಿಟ್ಟು ತಿಂದಿರುತ್ತಾಳೆ. ಇಬ್ಬರೂ ಮುಖ ಊದಿಸಿಕೊಂಡು ಹತ್ತಿ ಕೂರುತ್ತಾರೆ. ಎಂಜಿನ್ ಭರ್ರೆನ್ನುತ್ತದೆ, ಗಾಡಿ ಮಾತ್ರ ಒಂದಡಿಯೂ ಕದಲುವುದಿಲ್ಲ. ಕೊನೆಗೆ ತಳ್ಳಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ನಾನು ಗುರುಸಿದ್ದ, ಇಪ್ಪತ್ತು ವರ್ಷದಿಂದ ಸ್ಕೂಟರ್ ರಿಪೇರಿ ಮಾಡುತ್ತಿರುವವನು. ಸ್ಪ್ಯಾನರ್ ಮುಟ್ಟುವ ಮೊದಲು ಇಬ್ಬರ ಅಂಗೈಗೂ ಒಂದೊಂದು ಚಿಟಿಕೆ ಸಕ್ಕರೆ ಹಾಕುತ್ತೇನೆ. ಹತ್ತರಲ್ಲಿ ಏಳು ಗಾಡಿಗಳು ಅಷ್ಟಕ್ಕೇ ಹೊರಟು ಹೋಗುತ್ತವೆ.

ಒಬ್ಬರೇ ಹೋಗುವುದಾದರೆ ಯಾವ ತಕರಾರೂ ಇಲ್ಲ. ಇಬ್ಬರೋ ಇನ್ನೂರು ಜನವೋ ಸೇರಿ ಒಂದು ಗಾಡಿ ಹತ್ತಿದರೆ ಮಾತ್ರ ಎಲ್ಲರ ಕೊನೆಯ ತುತ್ತು ಒಂದೇ ಆಗಿರಬೇಕು. ನೀರು, ಕಾಫಿ ಲೆಕ್ಕಕ್ಕಿಲ್ಲ. ಸ್ಕೂಟರಿಗೂ ದೋಣಿಗೂ ಲಿಫ್ಟಿಗೂ ಇದೇ ಮಾತು. ಹಾಗಾಗಿ ಊರ ಬಸ್ಸಿನಲ್ಲಿ ಕಂಡಕ್ಟರು ಟಿಕೆಟಿನ ಜೊತೆ ಒಂದು ತುಂಡು ಶೇಂಗಾ ಚಿಕ್ಕಿ ಕೊಡುತ್ತಾನೆ. ಅದು ನನ್ನ ಅಜ್ಜನ ಕಾಲದಿಂದ ಬಂದದ್ದು. ಉಪವಾಸದ ದಿನ ಹೆಂಗಸರು ನಡೆದುಕೊಂಡೇ ಗುಡಿಗೆ ಹೋಗುತ್ತಾರೆ. ಹಲ್ಲಿಲ್ಲದವರು ಚಿಕ್ಕಿಯನ್ನು ಚೀಪುತ್ತಾರೆ, ಅವರು ನುಂಗುವವರೆಗೆ ಡ್ರೈವರು ಬೀಡಿ ಸೇದುತ್ತಾನೆ. ಯಾರಿಗೂ ಇದರಿಂದ ತೊಂದರೆ ಇರಲಿಲ್ಲ. ಮೇದಿನಿ ಹುಟ್ಟುವವರೆಗೆ ನನಗೂ ಇರಲಿಲ್ಲ.

ಮೇದಿನಿ ನನ್ನ ಮಗಳು, ಈಗ ಎಂಟು ವರ್ಷ. ಎರಡು ವರ್ಷದವಳಿದ್ದಾಗ ಬಸ್ಸಿನಲ್ಲಿ ಮೊದಲ ಸಲ ಚಿಕ್ಕಿ ತಿಂದಳು. ಎರಡನೇ ಸ್ಟಾಪು ಬರುವಷ್ಟರಲ್ಲಿ ತುಟಿ ಊದಿತು, ಆಮೇಲೆ ಕಣ್ಣು, ಆಮೇಲೆ ಉಸಿರಾಡಲು ಒದ್ದಾಡತೊಡಗಿದಳು. ಆಸ್ಪತ್ರೆ ಹತ್ತಿರವೇ ಇತ್ತು, ಬದುಕಿದಳು. ಶೇಂಗಾ ಅವಳಿಗೆ ವಿಷ ಎಂದು ಡಾಕ್ಟರು ಹೇಳಿದರು, ಅಂಥ ಹೊತ್ತಿನಲ್ಲಿ ತೊಡೆಗೆ ಚುಚ್ಚಲು ಎರಡು ಇಂಜೆಕ್ಷನ್ ಪೆನ್ನು ಬರೆದುಕೊಟ್ಟರು, ಒಂದು ನನ್ನ ಹತ್ತಿರ, ಒಂದು ಅವಳ ಅಮ್ಮನ ಹತ್ತಿರ ಇರುತ್ತದೆ. ಅವಳ ತಮ್ಮ ಅಗಸ್ತ್ಯ, ಮನೆಯಲ್ಲಿ ಅಗ್ಗು, ಐದು ವರ್ಷದವನು. ಇವನಿಗೆ ಶೇಂಗಾ ಒಗ್ಗುತ್ತದೆ, ಹಾಲು ಒಗ್ಗುವುದಿಲ್ಲ. ಮೊಸರು, ಬೆಣ್ಣೆ, ತುಪ್ಪ ಯಾವುದೂ ಆಗದು, ಮೈಯೆಲ್ಲಾ ದದ್ದೆದ್ದು ವಾಂತಿ ಮಾಡಿ ಸುಸ್ತಾಗಿ ಬಿಡುತ್ತಾನೆ. ನಮ್ಮೂರಿನಲ್ಲಿ ಕಂಡ ಮಗುವಿನ ಬಾಯಿಗೆ ಏನಾದರೂ ಇಡದೆ ಮುಂದೆ ಹೋಗುವವರಿಲ್ಲ. ನಾನು ಹೋದಲ್ಲೆಲ್ಲಾ ಕೈ ಅಡ್ಡ ಹಿಡಿದು ಬೇಡಪ್ಪ, ಬೇಡಮ್ಮ ಎನ್ನುತ್ತಿದ್ದೆ. ಅಂಗಡಿ ಬೀದಿಯವರು ನನಗೆ ಬೇಡಪ್ಪ ಎಂದೇ ಹೆಸರಿಟ್ಟರು. ಇಟ್ಟುಕೊಳ್ಳಲಿ, ನನ್ನ ಮಕ್ಕಳು ನೆಟ್ಟಗಿದ್ದರೆ ಸಾಕು.

ಇಬ್ಬರಿಗೂ ಒಗ್ಗುವ ಒಂದು ತಿಂಡಿಯನ್ನು ನನ್ನ ಹೆಂಡತಿ ಶಾಂಭವಿ ಕಂಡುಹಿಡಿದಳು. ಹುರಿದ ಅಕ್ಕಿ ಹಿಟ್ಟು, ಬೆಲ್ಲದ ಪಾಕ, ಕೊಬ್ಬರಿ ತುರಿ, ಏಲಕ್ಕಿ. ತುಪ್ಪದ ಬದಲು ಕೊಬ್ಬರಿ ಎಣ್ಣೆ. ಶೇಂಗಾ ಇಲ್ಲ, ತುಪ್ಪವಿಲ್ಲ, ಹೆಸರಿಗಷ್ಟೇ ತಂಬಿಟ್ಟು. ಮೊದಲ ದಿನ ಚೆನ್ನಾಗಿರುತ್ತದೆ, ಎರಡನೇ ದಿನ ಅದರಿಂದ ಮೊಳೆ ಹೊಡೆಯಬಹುದು. ನಾನು, ಮೇದಿನಿ, ಅಗ್ಗು ಮೂವರೂ ಬೆಳಿಗ್ಗೆ ಒಂದೊಂದು ತುಂಡು ಕಡಿದು ಸೈಕಲ್ ಹತ್ತುತ್ತೇವೆ, ಸೈಕಲ್ ಶಾಲೆಗೆ ಹೋಗುತ್ತದೆ. ಎಲ್ಲಿಗೆ ಹೋದರೂ ನನ್ನ ಅಂಗಿಯ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಒಂದು ತುಂಡು ಇರಲೇಬೇಕು. ಹೊರಗೆ ಮಕ್ಕಳಿಗೆ ಹಸಿವಾದರೆ ಈ ಊರಿನ ನೂರು ಅಂಗಡಿಗಳಲ್ಲಿ ಕಣ್ಣು ಮುಚ್ಚಿ ಕೊಡಿಸಬಹುದಾದ ಒಂದು ತಿನಿಸೂ ಇಲ್ಲ. ಆ ಭಯ ಅನುಭವಿಸಿದವರಿಗೇ ಗೊತ್ತು. ಶಾಂಭವಿಯ ಕೈಚೀಲದಲ್ಲೂ ಅಂಥದ್ದೇ ಒಂದು ಪೊಟ್ಟಣ ಇರುತ್ತದೆ.

ಈ ವರ್ಷ ಮೇದಿನಿಯ ತರಗತಿಯವರೆಲ್ಲಾ ಊರಾಚೆಯ ಜೋಕಾಲಿ ಪಾರ್ಕಿಗೆ ಬಸ್ಸಿನಲ್ಲಿ ಹೋಗಿ ಬಂದರು. ಇವಳು ಮನೆಯಲ್ಲಿ ಕುಳಿತು ಮಗ್ಗಿ ಬರೆದಳು. ಅಳಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಅಲ್ಲಿಯ ರಾಟೆ ತೊಟ್ಟಿಲು ಮೇಲೆ ಹೋದಾಗ ಆಸ್ಪತ್ರೆಯ ತಾರಸಿ ಕಾಣುತ್ತದಂತೆ. ಶಾಂಭವಿ ಅದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. "ಅಮ್ಮ ತಾರಸೀಲಿ ಬಟ್ಟೆ ಒಣಹಾಕೋದು ಕಾಣ್ತಿತ್ತು ಅಂತ ನಮ್ಮ ಕ್ಲಾಸಿನೋರೆಲ್ಲಾ ಹೇಳಿದ್ರು. ನಾನೊಬ್ಬಳೇ ನೋಡಿಲ್ಲ" ಎಂದಳು ಮೇದಿನಿ. ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಕೇಳಿದರೆ ತೊಟ್ಟಿಲು ಎಂದಳು, ಅಗ್ಗೂನೂ ಬರಬೇಕು ಎಂದಳು.

ಹುಟ್ಟುಹಬ್ಬ ಭಾನುವಾರ ಬಂತು, ಶಾಂಭವಿಗೆ ಆ ದಿನವೂ ಕೆಲಸ. ಬೆಳಿಗ್ಗೆ ಬಾಗಿಲಲ್ಲಿ ನಿಂತು, "ನಾಲ್ಕೂವರೆಗೆ ತಾರಸಿ ಮೇಲೆ ಹಳದಿ ಬೆಡ್‌ಶೀಟ್ ಹಿಡ್ಕೊಂಡು ನಿಂತಿರ್ತೀನಿ, ನೋಡು" ಎಂದು ಮಗಳಿಗೆ ಹೇಳಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ರೀ, ಅಲ್ಲಿ ಯಾರನ್ನಾದ್ರೂ ಕೇಳಿ ನೋಡಿ. ಬೇಡ ಬೇಡ ಅನ್ನೋದು ಬಿಟ್ಟು ಒಂದು ಸಲನಾದ್ರೂ ಬೇಕು ಅಂತ ಕೇಳಿ" ಎಂದಳು. ನನಗೆ ರೇಗಿತು. ಯಾರ ಮುಂದೆಯೂ ಕೈಚಾಚಿದವನಲ್ಲ ನಾನು. ತಂಬಿಟ್ಟಿನ ಡಬ್ಬಿಯನ್ನು ಸೈಕಲ್ ಹ್ಯಾಂಡಲಿಗೆ ತಗುಲಿಸಿ ಮಕ್ಕಳನ್ನು ಕೂರಿಸಿಕೊಂಡು ಹೊರಟೆ.

ಪಾರ್ಕು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಸುತ್ತುವ ಮರದ ಕುದುರೆಗಳು, ಕೊಳದಲ್ಲಿ ಬಾತುಕೋಳಿ ದೋಣಿ, ನಡುವೆ ಹತ್ತು ತೊಟ್ಟಿಲುಗಳ ರಾಟೆ. ಕುದುರೆಯ ಬಳಿ ಪೇಡ ಕೊಡುತ್ತಿದ್ದರು, ಅಗ್ಗುವಿಗೆ ಆಗದು. ದೋಣಿಗೆ ಶೇಂಗಾ ಹೋಳಿಗೆ, ಮೇದಿನಿಗೆ ಆಗದು. "ನೀನು ಕುದುರೆ ಹತ್ತು, ನಾನೂ ಅಗ್ಗೂ ಇಲ್ಲೇ ನಿಂತಿರ್ತೀವಿ" ಎಂದು ಮಗಳಿಗೆ ಹೇಳಿದೆ. ಅವಳು ತಮ್ಮನ ಕೈ ಬಿಡಲಿಲ್ಲ. ಮೂವರೂ ಬೇಲಿಗೆ ಒರಗಿ ನಿಂತು ಬೇರೆಯವರು ತಿರುಗುವುದನ್ನು ನೋಡಿದೆವು. ಅಗ್ಗು ಪ್ರತಿ ಕುದುರೆಗೂ ಒಂದು ಹೆಸರಿಟ್ಟ. ಮಧ್ಯಾಹ್ನ ಮರದ ಕೆಳಗೆ ಚಿತ್ರಾನ್ನ ತಿಂದೆವು, ಮೇಲೆ ಒಂದೊಂದು ತಂಬಿಟ್ಟು. ನನ್ನ ಜೇಬಿನಲ್ಲಿದ್ದದ್ದನ್ನೂ ಅಗ್ಗು ತಿಂದು ಮುಗಿಸಿದ, ಡಬ್ಬಿಯಲ್ಲಿ ಹತ್ತು ಉಳಿದವು. ಅಷ್ಟು ಹೊತ್ತಿಗೆ ನನಗೆ ನಾಚಿಕೆಯಾಗತೊಡಗಿತ್ತು. ಹುಟ್ಟುಹಬ್ಬದ ಮಗುವನ್ನು ಇಷ್ಟು ದೂರ ಕರೆತಂದು ಬೇಲಿ ತೋರಿಸಿದ್ದೆ.

ನಾಲ್ಕಾದ ಮೇಲೆ ರಾಟೆ ತೊಟ್ಟಿಲ ಹತ್ತಿರ ಹೋದೆವು. ಅದನ್ನು ನಡೆಸುವವರು ಚೆನ್ನಾಜಮ್ಮ ಎಂಬ ಅರವತ್ತರ ಹೆಂಗಸು, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದರು, ಪಕ್ಕದಲ್ಲಿ ಚಿಕ್ಕಿಯ ಡಬ್ಬ. ಮೇದಿನಿ ಚಿಕ್ಕಿಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅದನ್ನು ನೋಡಿ ಚೆನ್ನಾಜಮ್ಮ ಏನು ಎಂಬಂತೆ ನನ್ನ ಕಡೆ ಹುಬ್ಬು ಹಾರಿಸಿದರು. ನಾನು ಹೇಳಿದೆ. ಹೇಳುವಾಗ ದನಿ ಸ್ವಲ್ಪ ಒರಟಾಗಿಯೇ ಬಂತು.

"ಅಯ್ಯೋ, ತೊಟ್ಟಿಲಿಗೆ ಚಿಕ್ಕಿ ಆದ್ರೇನು ಇನ್ನೊಂದಾದ್ರೇನು? ಎಲ್ರದೂ ಒಂದೇ ಆದ್ರೆ ಸಾಕು" ಎಂದರು ಚೆನ್ನಾಜಮ್ಮ. "ನಿಮ್ ಹತ್ರ ಏನಿದೆ?"

"ಹತ್ತು ತಂಬಿಟ್ಟು."

"ಹತ್ತು ತೊಟ್ಲು, ತೊಟ್ಲಿಗೆ ಮೂರು ಜನ. ಒಂದನ್ನ ಮೂರು ಮಾಡಿದ್ರೆ ಆಯ್ತು. ಇದೇ ಕೊನೇ ಸುತ್ತು ಇವತ್ತಿಗೆ, ಇದಾದ್ಮೇಲೆ ಊರ ಬಸ್ಸು ಹೊರಡುತ್ತೆ. ಹೋಗಿ ಸಾಲಲ್ಲಿರೋರನ್ನ ಕೇಳಿ."

"ನೀವೇ ಒಂದು ಮಾತು ಹೇಳಿಬಿಡಿ."

"ನಾನು ಹೇಳಿದ್ರೆ ಹುಕುಂ ಆಗುತ್ತೆ. ಕೇಳೋದು ಅಪ್ಪನ ಕೆಲಸ."

ಡಬ್ಬಿ ಹಿಡಿದು ಸಾಲಿನ ಕಡೆ ತಿರುಗಿದೆ. ಸಾಲಿನಲ್ಲಿ ಇಪ್ಪತ್ತೊಂಬತ್ತು ಜನ. ಎಲ್ಲರಿಗಿಂತ ಮುಂದೆ ನಿಂತಿದ್ದವರನ್ನು ಕಂಡು ನನಗೆ ಹಳೆಯ ಸಿಟ್ಟು ಮರಳಿ ಬಂತು. ಅವರು ವೀರಭದ್ರಯ್ಯ, ಮೂವತ್ತು ವರ್ಷ ಊರ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಆ ದಿನ ಮೇದಿನಿಯ ಕೈಗೆ ಚಿಕ್ಕಿ ಕೊಟ್ಟದ್ದು ಅವರೇ. ಅವರದೇನೂ ತಪ್ಪಿರಲಿಲ್ಲ, ಗೊತ್ತು. ಆದರೂ ಆರು ವರ್ಷದಿಂದ ಎದುರಿಗೆ ಸಿಕ್ಕರೆ ನಾನು ಬೇರೆ ಕಡೆ ನೋಡುತ್ತಿದ್ದೆ. ಮೇದಿನಿ ನನ್ನ ತೋಳು ಹಿಡಿದು, "ಅಪ್ಪ, ಅಮ್ಮ ಕಾಯ್ತಿರ್ತಾಳೆ" ಎಂದಳು. ಅಷ್ಟೇ ಅಂದಳು.

ಸಾಲಿನ ಮುಂದೆ ಹೋಗಿ ನಿಂತೆ. "ನೋಡಿ, ನನ್ನ ಮಗಳಿಗೆ ಶೇಂಗಾ ಆಗಲ್ಲ, ಮಗನಿಗೆ ಹಾಲು ಆಗಲ್ಲ. ಒಂದು ಚೂರು ತಿಂದ್ರೆ ಏನಾಗುತ್ತೆ ಅಂತ ಕೇಳ್ಬೇಡಿ, ಏನಾಗುತ್ತೆ ಅಂತ ನಾನು ನೋಡಿದೀನಿ. ಇದು ಮನೇಲಿ ಮಾಡಿದ ತಂಬಿಟ್ಟು. ಈ ಒಂದು ಸುತ್ತಿಗೆ ಚಿಕ್ಕಿ ಬಿಟ್ಟು ನೀವೆಲ್ಲಾ ಇದನ್ನ ತಿಂದ್ರೆ ನನ್ನ ಮಕ್ಕಳೂ ಹತ್ತಬಹುದು. ನಿಮ್ಮಿಂದ ಇದೊಂದು ಆಗಬೇಕು ನನಗೆ" ಎಂದೆ. ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ.

ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಡಬ್ಬಿಯೊಳಗೆ ಇಣುಕಿ, "ತುಪ್ಪ ಹಾಕಿಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ. "ಪಾಪ" ಎಂದಳು, ನನಗೋ ತಂಬಿಟ್ಟಿಗೋ ತಿಳಿಯಲಿಲ್ಲ, ಆದರೂ ಕೈ ಚಾಚಿದಳು. ಇಬ್ಬರು ಹುಡುಗರು, ಚಿಕ್ಕಿ ಇಲ್ಲದ ತೊಟ್ಟಿಲು ನಮಗೆ ಬೇಡ ಎಂದು ನಗುತ್ತಾ ಸಾಲು ಬಿಟ್ಟು ಹೋದರು. ಉಳಿದವರು ಹೋಗಲಿಲ್ಲ. ನಮ್ಮ ಮೂವರನ್ನು ಸೇರಿಸಿದರೆ ಸರಿಯಾಗಿ ಮೂವತ್ತು. ವೀರಭದ್ರಯ್ಯನವರು ಹಣೆ ಗಂಟಿಕ್ಕಿ, "ಊರ ಬಸ್ಸಲ್ಲಾಗ್ಲಿ ಈ ತೊಟ್ಲಲ್ಲಾಗ್ಲಿ ಇಷ್ಟು ವರ್ಷದಲ್ಲಿ ಚಿಕ್ಕಿ ಬಿಟ್ಟು ಇನ್ನೊಂದು ಹಂಚಿದ್ದು ನಾನು ನೋಡಿಲ್ಲ" ಎಂದರು. ತಿನ್ನುತ್ತೇನೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಚೆನ್ನಾಜಮ್ಮ ಚಿಕ್ಕಿಯ ಡಬ್ಬವನ್ನು ದೂರ ಇಟ್ಟು, ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು ಬಂದರು. ನಾನು ಹೇಳಿರಲಿಲ್ಲ, ಅವರಿಗೇ ಹೊಳೆದಿತ್ತು. ಆಮೇಲೆ ತಮ್ಮ ಸೆರಗಿನ ತುದಿಯಿಂದ ಅಡಿಕೆ ಕತ್ತರಿ ತೆಗೆದು ಅದನ್ನೂ ತೊಳೆದು ತಂಬಿಟ್ಟುಗಳನ್ನು ಮೂರು ಮೂರು ಮಾಡತೊಡಗಿದರು. "ಏನಪ್ಪ ಇದು, ಅಡಿಕೇನೇ ವಾಸಿ" ಎಂದರು. ನಾನು ಒದ್ದೆ ಬಟ್ಟೆಯಿಂದ ನಮ್ಮ ತೊಟ್ಟಿಲಿನ ಸೀಟು, ಕಂಬಿ ಎಲ್ಲಾ ಎರಡೆರಡು ಸಲ ಒರೆಸಿದೆ. ಪ್ರತಿಯೊಬ್ಬರ ಕೈಗೂ ನಾನೇ ತುಂಡು ಹಾಕಿದೆ. ಎಲ್ಲರೂ ಕಟಕಟ ಅಗಿಯುತ್ತಾ ಹತ್ತಿದರು. ಮಕ್ಕಳಿಗೆ ಅವರವರ ತುಂಡು ಕೊಟ್ಟು, ಕೊನೆಯದನ್ನು ಕೈಯಲ್ಲಿ ಹಿಡಿದು ನಾನೂ ಹತ್ತಿ ಕುಳಿತೆ.

ಚೆನ್ನಾಜಮ್ಮ ಹಿಡಿ ಎಳೆದರು. ಮೋಟಾರು ಗುಂಯ್‌ಗುಟ್ಟಿತು. ತೊಟ್ಟಿಲು ಅಲ್ಲಾಡಲಿಲ್ಲ. ಮತ್ತೊಮ್ಮೆ ಎಳೆದರು. ಅದೇ ಸದ್ದು.

ನನ್ನ ಕಸುಬೇ ಇದು. ಇಬ್ಬರಲ್ಲಿ ಯಾರು ತಿಂದಿಲ್ಲ ಎಂಬುದನ್ನು ಮುಖ ನೋಡಿಯೇ ಹೇಳುವವನು ನಾನು. ಪಕ್ಕದ ತೊಟ್ಟಿಲಿನಲ್ಲಿ ವೀರಭದ್ರಯ್ಯನವರು ಬಾಯಿ ಬಿಗಿದು ಕುಳಿತಿದ್ದರು. ಆರು ವರ್ಷದ ಸಿಟ್ಟೆಲ್ಲಾ ಒಟ್ಟಿಗೆ ಬಂತು. "ಯಜಮಾನ್ರೇ, ತಿನ್ನೋಕೆ ಆಗಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು. ಇಲ್ಲಿ ಮಕ್ಕಳು ಕೂತಿದಾರೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬಾಯಿ ಅಗಲವಾಗಿ ತೆರೆದು ನಾಲಿಗೆ ಚಾಚಿ ತೋರಿಸಿದರು. ಬಾಯಿ ಖಾಲಿಯಾಗಿತ್ತು. ಹಲ್ಲಿನ ಸಂದಿಯಲ್ಲಿ ಕೊಬ್ಬರಿ ತುರಿ ಸಿಕ್ಕಿಕೊಂಡಿತ್ತು.

ಚೆನ್ನಾಜಮ್ಮ ಕೆಳಗಿನಿಂದಲೇ ಒಂದೊಂದು ತೊಟ್ಟಿಲಿನವರನ್ನೂ ಕೂಗಿ ವಿಚಾರಿಸಿದರು. ಎಲ್ಲರೂ ತಿಂದಿದ್ದರು. ನಾಲ್ಕೂವರೆಗೆ ಎರಡೋ ಮೂರೋ ನಿಮಿಷವಿತ್ತು. ಕೆಲವರು ನನ್ನ ಮಕ್ಕಳ ಕಡೆ ನೋಡತೊಡಗಿದರು, ಅದನ್ನು ನಾನು ಸಹಿಸಲಾರೆ. ಏಳಲು ಹೋದೆ.

"ಅಪ್ಪ" ಎಂದಳು ಮೇದಿನಿ, ಮೆಲ್ಲಗೆ. "ನಿನ್ನ ಜೇಬು ನೋಡ್ಕೋ."

ಕೈ ಹಾಕಿದೆ. ಕಾಗದದಲ್ಲಿ ಸುತ್ತಿದ ತುಂಡು ಅಲ್ಲಿತ್ತು. ಯಾವಾಗ ಸುತ್ತಿದೆ, ಯಾವಾಗ ಇಟ್ಟೆ, ಒಂದೂ ನೆನಪಿಲ್ಲ. ಡಬ್ಬಿ ಖಾಲಿಯಾದದ್ದನ್ನು ನನ್ನ ಕೈ ನೋಡಿತ್ತು, ಮಕ್ಕಳಿಗೆಂದು ತಾನಾಗಿಯೇ ಎತ್ತಿಟ್ಟಿತ್ತು. ಮೂವತ್ತು ಜನರಲ್ಲಿ ತಿನ್ನದೆ ಕುಳಿತವನು ನಾನೊಬ್ಬನೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ತಿಂದುಬಿಡು" ಎಂದಳು ಮಗಳು.

"ಆಮೇಲೆ ನಿಮಗೆ ಹಸಿವಾದ್ರೆ?"

"ಹಸಿವಾದ್ರೆ ಮನೆಗೆ ಹೋಗಿ ತಿಂತೀವಿ. ಅಲ್ವಾ ಅಗ್ಗು?" ಅಗ್ಗು ಹೌದೆಂದು ತಲೆ ಆಡಿಸಿದ.

ಬಾಯಿಗೆ ಹಾಕಿಕೊಂಡೆ. ಅದು ಕಲ್ಲಿನ ಹಾಗಿತ್ತು, ನುಂಗಲು ಹೊತ್ತು ಹಿಡಿಯಿತು. ಎಲ್ಲರೂ ಕಾದರು. ನುಂಗಿದೊಡನೆ ಕಾಲ ಕೆಳಗಿನ ನೆಲ ಸರಿಯಿತು.

ಮೇಲೆ ಗಾಳಿ ತಂಪಾಗಿತ್ತು. ಊರು ಇಷ್ಟು ಸಣ್ಣದು ಎಂದು ನನಗೆ ಗೊತ್ತಿರಲಿಲ್ಲ. ಮೇದಿನಿ ಕಂಬಿ ಹಿಡಿದು ಮುಂದೆ ಬಾಗಿ ಆಸ್ಪತ್ರೆಯನ್ನು ಹುಡುಕಿದಳು, ನಾನು ಅವಳ ಲಂಗದ ಪಟ್ಟಿ ಹಿಡಿದುಕೊಂಡಿದ್ದೆ. ಮೂರನೇ ಸುತ್ತಿಗೆ ಅವಳಿಗೆ ಕಂಡಿತು. ಬಿಳಿ ಬಟ್ಟೆಗಳ ನಡುವೆ ಒಂದು ಹಳದಿ ಚೌಕ, ಮೇಲೆ ಕೆಳಗೆ ಆಡುತ್ತಿತ್ತು. ಅವಳು ಕೂಗಲಿಲ್ಲ, ಎರಡೂ ಕೈ ಎತ್ತಿ ಬೀಸಿದಳು. ಇಳಿಯುವವರೆಗೆ ಬೀಸುತ್ತಲೇ ಇದ್ದಳು. ಅಗ್ಗು ಮಾತ್ರ ಸುತ್ತಲಿನ ತೊಟ್ಟಿಲುಗಳನ್ನೇ ನೋಡುತ್ತಿದ್ದ. "ಅಪ್ಪ, ಇವ್ರೆಲ್ಲಾ ನಮ್ಮ ತಂಬಿಟ್ಟೇ ತಿಂದಿದಾರಾ?" ಎಂದು ಕೇಳಿದ. ಹೌದು ಎಂದೆ. "ಹಾಗಾದ್ರೆ ಇವ್ರೆಲ್ಲಾ ನಮ್ಮ ಮನೆಯೋರಾ?" ಅವನಿಗೆ ತಂಬಿಟ್ಟು ತಿನ್ನುವವರೆಂದರೆ ಮನೆಯವರೇ, ಬೇರೆಯವರು ತಿಂದದ್ದನ್ನು ಅವನು ನೋಡಿಯೇ ಇರಲಿಲ್ಲ. "ಇಳಿಯೋ ತನಕ ಹೌದು" ಎಂದೆ.

ಇಳಿದ ಮೇಲೆ ವೀರಭದ್ರಯ್ಯನವರ ಹತ್ತಿರ ಹೋದೆ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನ ಮಾತು ಕೇಳಿಸಿಕೊಳ್ಳದೆ ಮೇದಿನಿಯನ್ನು ನೋಡುತ್ತಾ, "ಇದು ಅವತ್ತಿನ ಆ ಮಗು ತಾನೇ?" ಎಂದರು. "ಅವತ್ತಿಂದ ನಾನು ಯಾವ ಮಗುವಿನ ಕೈಗೂ ನೇರ ಚಿಕ್ಕಿ ಕೊಟ್ಟಿಲ್ಲ ಕಣಪ್ಪ. ಅಮ್ಮನ ಕೈಗೇ ಕೊಡ್ತಿದ್ದೆ, ಆಗುತ್ತಾ ಅಂತ ಕೇಳಿ ಕೊಡ್ತಿದ್ದೆ. ಬಾ, ಬಸ್ಸು ಹತ್ತು."

"ನಾವು ಸೈಕಲಲ್ಲಿ ಬಂದಿದೀವಿ."

"ಸೈಕಲ್ ಮೇಲಕ್ಕೆ ಹಾಕು. ತೊಟ್ಟಿಲಿಂದ ಇಳಿದೋರೇ ತಾನೇ ಬಸ್ಸಿಗೆ ಬರೋರು? ಎಲ್ರ ಬಾಯಲ್ಲೂ ನಿನ್ನ ತಂಬಿಟ್ಟೇ ಇರೋದು."

ಗೇಟಿನ ಹೊರಗೆ ಬಸ್ಸು ನಿಂತಿತ್ತು. ಹೊಸ ಕಂಡಕ್ಟರು ಚಿಕ್ಕಿಯ ಚೀಲ ಹಿಡಿದು ಬಾಗಿಲಲ್ಲಿದ್ದ. ಮೊದಲು ಹತ್ತಿದ ಹೆಂಗಸಿಗೆ ಒಂದು ತುಂಡು ಚಾಚಿದ. "ಬೇಡಪ್ಪ" ಎಂದಳು ಅವಳು. ಅವಳ ಹಿಂದಿನವರೂ ಬೇಡ ಎಂದರು, ಅವರ ಹಿಂದಿನವರೂ. ಆರು ವರ್ಷ ನಾನೊಬ್ಬನೇ ಆಡಿದ ಮಾತನ್ನು ಸಾಲಾಗಿ ಅಷ್ಟು ಜನರ ಬಾಯಲ್ಲಿ ಕೇಳಿ ಎಲ್ಲಿ ನೋಡುವುದೆಂದು ನನಗೆ ತಿಳಿಯಲಿಲ್ಲ. "ಚಿಕ್ಕಿ ಒಳಗಿಡು, ಕೈ ತೊಳಕೊಂಡು ಬಾ" ಎಂದು ವೀರಭದ್ರಯ್ಯನವರು ಕಂಡಕ್ಟರಿಗೆ ಹೇಳಿದರು. ಅವನಿಗೂ ಡ್ರೈವರಿಗೂ ಡಬ್ಬಿಯ ತಳದ ಪುಡಿ ಕೊಟ್ಟೆ. ಸಾಲು ಬಿಟ್ಟು ಹೋಗಿದ್ದ ಆ ಇಬ್ಬರು ಹುಡುಗರೂ ಬಂದರು. ನಗದೆ ಅಂಗೈ ಚಾಚಿದರು. ಅವರಿಗೂ ಆಗುವಷ್ಟು ಪುಡಿ ಇತ್ತು, ಡಬ್ಬಿಯನ್ನು ಬೆರಳಿನಿಂದ ಸವರಿ ಕೊಟ್ಟೆ. ಕಿಟಕಿಯ ಪಕ್ಕದ ಸೀಟನ್ನು ಒರೆಸಿ ಮೇದಿನಿಯನ್ನು ಕೂರಿಸಿದೆ. ಬಸ್ಸು ಹೊರಟಿತು. ಅವಳು ಎರಡು ವರ್ಷದವಳಿದ್ದಾಗ ಬಸ್ಸಿನಿಂದ ಇಳಿದಿದ್ದಳು, ಮತ್ತೆ ಹತ್ತಿದ್ದು ಈಗಲೇ.

ಆಸ್ಪತ್ರೆಯ ಸ್ಟಾಪಿನಲ್ಲಿ ಶಾಂಭವಿ ಕೆಲಸ ಮುಗಿಸಿ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಯಾರೂ ಬಸ್ಸು ಹತ್ತುವುದಿಲ್ಲ, ಆದ್ದರಿಂದ ಬಸ್ಸಿನ ಕಡೆ ನೋಡದೆ ನಡೆದು ಹೊರಟಿದ್ದಳು. "ಅಮ್ಮಾ" ಎಂದು ಮೇದಿನಿ ಕಿಟಕಿಯಿಂದ ಕರೆದಳು. ಶಾಂಭವಿ ತಿರುಗಿದಳು. ಕಿಟಕಿಯಲ್ಲಿ ಮಗಳನ್ನು ಕಂಡು ಅವಳ ಕೈ ಮೊದಲು ಹೋದದ್ದು ಚೀಲದಲ್ಲಿದ್ದ ಇಂಜೆಕ್ಷನ್ ಪೆನ್ನಿಗೆ. "ಏನೂ ಆಗಿಲ್ಲ, ಹತ್ತು" ಎಂದು ನಾನು ಬಾಗಿಲಿಗೆ ಬಂದು ಹೇಳಿದೆ. "ಎಲ್ರೂ ತಂಬಿಟ್ಟು ತಿಂದಿದಾರೆ. ಕೇಳಿದೆ, ತಿಂದ್ರು."

ಅವಳು ಮೆಟ್ಟಿಲ ಮೇಲೆ ನಿಂತು ಬಸ್ಸಿನೊಳಗೆ ನೋಡಿದಳು. ಆಮೇಲೆ ಚೀಲದಿಂದ ತನ್ನ ಪೊಟ್ಟಣ ತೆಗೆದಳು. ಕಾಗದ ಬಿಚ್ಚಿದಳು, ಮತ್ತೆ ಮಡಿಸಿದಳು. "ಇದೊಂದೇ ಇರೋದು ರೀ. ದಾರೀಲಿ ಮಕ್ಕಳಿಗೆ ಏನಾದ್ರೂ ಬೇಕಾದ್ರೆ?" ಎಂದಳು. ಬಸ್ಸಿನವರೆಲ್ಲಾ ಅವಳನ್ನೇ ನೋಡುತ್ತಿದ್ದರು, ಯಾರೂ ಅವಸರ ಮಾಡಲಿಲ್ಲ.

ನಾನು ನನ್ನ ಅಂಗಿಯ ಜೇಬನ್ನು ಹೊರಗೆಳೆದು ತಿರುಗಿಸಿ ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನ ಮುಖ ನೋಡಿದಳು. ತುಂಡನ್ನು ಬಾಯಿಗೆ ಹಾಕಿಕೊಂಡು ಬಂದು ಮಗಳ ಪಕ್ಕ ಕುಳಿತಳು. ಅವಳು ನುಂಗುವವರೆಗೆ ಬಸ್ಸು ನಿಂತೇ ಇತ್ತು.